ಕಾನೂನು ಕೇಳಿ: ಕೈಗೆ ಬಂದ ಮಾಹಿತಿ, ಮೈಮೇಲೆ ಬಂದ ಹೊಣೆ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಬೆಂಗಳೂರಿನವು. ಕೆಲವರು ತಮ್ಮ ಕೈಗೆ ಬಂದ ಮಾಹಿತಿಯನ್ನು ಬಳಸಿಕೊಂಡು ಭಯಪಡುತ್ತಿದ್ದಾರೆ. ಕೆಲವರು ಬೇರೆಯವರು ಬಳಸಿಕೊಂಡದ್ದರಿಂದ ನೊಂದಿದ್ದಾರೆ. ಮತ್ತೆ ಕೆಲವರ ಪ್ರಶ್ನೆ, ಕಾನೂನು ಹೇಳಬೇಕೆಂದದ್ದನ್ನು ಹೇಳದೆ, ಕಟ್ಟಬೇಕೆಂದದ್ದನ್ನು ಕಟ್ಟದೆ ಸುಮ್ಮನಿದ್ದವರಿಗೆ ಶಿಕ್ಷೆಯಾಗುತ್ತದೆಯೇ ಎಂಬುದು. ಪತ್ರ ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇವೆ. ಉತ್ತರಗಳಲ್ಲಿ ನ್ಯಾಯ ಸಂಹಿತೆ ಎಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ. ಅದಕ್ಕೂ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯೇ ಅನ್ವಯವಾಗುತ್ತದೆ.

ಪ್ರಶ್ನೆ: ಸಣ್ಣ ಕಂಪನಿಯೊಂದರ ಮಾರಾಟ ವಿಭಾಗದಲ್ಲಿ ಆರು ವರ್ಷ ದುಡಿದು ಕೆಲಸ ಬಿಟ್ಟೆ. ಬಿಡುವ ಹಿಂದಿನ ವಾರ ಗ್ರಾಹಕರ ಹೆಸರು, ಫೋನ್ ನಂಬರ್, ಅವರಿಗೆ ಕೊಡುತ್ತಿದ್ದ ದರ ಎಲ್ಲವೂ ಇದ್ದ ಎಕ್ಸೆಲ್ ಫೈಲನ್ನು ನನ್ನ ಸ್ವಂತ ಇ-ಮೇಲ್‌ಗೆ ಕಳುಹಿಸಿಕೊಂಡಿದ್ದೆ. ಆ ಗ್ರಾಹಕರನ್ನೆಲ್ಲ ಹಿಡಿದು ತಂದವನು ನಾನೇ. ಈಗ ಅದೇ ವ್ಯವಹಾರದ ಬೇರೊಂದು ಕಂಪನಿ ಸೇರಿದ್ದೇನೆ. ಹಳೆಯ ಮಾಲೀಕರು ಡೇಟಾ ಕಳ್ಳತನ, ನಂಬಿಕೆ ದ್ರೋಹ ಎಂದು ವಕೀಲರ ಮೂಲಕ ನೋಟಿಸ್ ಕಳಿಸಿದ್ದಾರೆ. ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತಿಗೂ ನಾನು ಸಹಿ ಹಾಕಿದ್ದೆನಂತೆ. ಆ ಮೇಲ್ ಅಳಿಸಿಬಿಟ್ಟರೆ ಸರಿಹೋಗುತ್ತದೆಯೇ?
– ಹೆಸರು ಬೇಡ, ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ: ಅಳಿಸಬೇಡಿ. ಕಳುಹಿಸಿದ ಮೇಲ್‌ನ ದಾಖಲೆ ಕಂಪನಿಯ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದೆ ಬಾರದಂತೆ ನಾಶಪಡಿಸುವುದು ನ್ಯಾಯ ಸಂಹಿತೆಯ ಕಲಂ 241ರಡಿ ತಾನೇ ಒಂದು ಅಪರಾಧ. ಸಮಜಾಯಿಷಿ ಕೊಡಬಹುದಾದ ಕೃತ್ಯದ ಮೇಲೆ ಸಮಜಾಯಿಷಿಯೇ ಇಲ್ಲದ ಇನ್ನೊಂದನ್ನು ಹೇರಿಕೊಂಡಂತಾಗುತ್ತದೆ.

ಇನ್ನು ನಿಮ್ಮ ಹೊಣೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43ರ ಪ್ರಕಾರ ಕಂಪ್ಯೂಟರಿನ ಮಾಲೀಕರ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಅದರಲ್ಲಿರುವ ದತ್ತಾಂಶವನ್ನು ನಕಲು ಮಾಡಿಕೊಂಡವರು ನಷ್ಟ ಪರಿಹಾರ ಕೊಡಬೇಕಾಗುತ್ತದೆ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಉದ್ದೇಶದಿಂದ ಮಾಡಿದರೆ ಕಲಂ 66ರಡಿ ಅದು ಅಪರಾಧವಾಗಿ, 3 ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಎರಡು ಕಲಂಗಳಲ್ಲೂ ಕೃತ್ಯ ಒಂದೇ. ಅದನ್ನು ಸಿವಿಲ್ ತಪ್ಪಿನಿಂದ ಅಪರಾಧಕ್ಕೆ ಏರಿಸುವುದು ಉದ್ದೇಶ ಮಾತ್ರ. ಆದ್ದರಿಂದ ಫೈಲನ್ನು ಏಕೆ ಕಳುಹಿಸಿಕೊಂಡಿರಿ, ಆಮೇಲೆ ಏನು ಮಾಡಿದಿರಿ ಎಂಬುದರ ಮೇಲೆ ನಿಮ್ಮ ಪ್ರಕರಣ ನಿಂತಿದೆ. ಮನೆಯಲ್ಲಿ ಕುಳಿತು ತಿಂಗಳ ಲೆಕ್ಕ ಮುಗಿಸಲು ಕಳುಹಿಸಿಕೊಂಡಿದ್ದರೆ ಒಂದು ಬಗೆ; ರಾಜೀನಾಮೆ ಬರೆದಿಟ್ಟು ಕಳುಹಿಸಿಕೊಂಡು, ಹೊಸ ಕಂಪನಿಯಲ್ಲಿ ಅದೇ ದರಪಟ್ಟಿಗಿಂತ ಸ್ವಲ್ಪ ಕಡಿಮೆ ಬೆಲೆ ಹೇಳಿ ಅದೇ ಗ್ರಾಹಕರಿಗೆ ಫೋನ್ ಮಾಡಿದ್ದರೆ ಇನ್ನೊಂದು ಬಗೆ. ನಿಮ್ಮ ಪತ್ರದಲ್ಲಿ ಈ ಎರಡನೆಯದರ ಬಗ್ಗೆ ಒಂದು ಮಾತೂ ಇಲ್ಲ. ನಿಮ್ಮ ವಕೀಲರಿಗಾದರೂ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ.

ಫೈಲ್ ನೋಡಲು ನನಗೆ ಅಧಿಕಾರವಿತ್ತಲ್ಲ, ಪಾಸ್‌ವರ್ಡ್ ಕಂಪನಿಯೇ ಕೊಟ್ಟಿತ್ತಲ್ಲ ಎಂಬ ವಾದ ನಿಮ್ಮನ್ನು ಹೆಚ್ಚು ದೂರ ಕೊಂಡೊಯ್ಯುವುದಿಲ್ಲ. ಗಿಡಕ್ಕೆ ನೀರು ಹಾಕಿ ಎಂದು ಮನೆಯ ಕೀಲಿಕೈ ಕೊಟ್ಟು ಹೋದವರು ಬೀರು ತೆಗೆಯಲು ಒಪ್ಪಿಗೆ ಕೊಟ್ಟಿರುವುದಿಲ್ಲ. ಗ್ರಾಹಕರನ್ನು ತಂದವನು ನಾನೇ ಎಂಬುದೂ ಹಾಗೆಯೇ; ಸಂಬಳ ಪಡೆದು ಕೂಡಿಸಿದ ಪಟ್ಟಿ ಸಂಸ್ಥೆಯದು. ಆದರೆ ಆರು ವರ್ಷದ ಅನುಭವ, ಗ್ರಾಹಕರೊಂದಿಗೆ ಬೆಳೆದ ಪರಿಚಯ, ತಲೆಯಲ್ಲಿ ಉಳಿದ ಸಾಮಾನ್ಯ ತಿಳಿವಳಿಕೆ ನಿಮ್ಮವು, ಅವನ್ನು ಯಾರೂ ಕಸಿದುಕೊಳ್ಳಲಾರರು. ಭಾರತೀಯ ಕರಾರು ಕಾಯ್ದೆ, 1872ರ ಕಲಂ 27ರ ದೆಸೆಯಿಂದ, ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಸಂಸ್ಥೆ ಸೇರಬಾರದೆಂಬ ಷರತ್ತಿಗೆ ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಗೋಪ್ಯತೆ ಕಾಯುವ ಷರತ್ತಿಗೆ ಮಾತ್ರ ಬೆಲೆ ಇದ್ದೇ ಇದೆ, ಅದನ್ನು ಮುರಿದರೆ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಡಬಹುದು.

ನೋಟಿಸ್‌ನಲ್ಲಿರುವ ನಂಬಿಕೆ ದ್ರೋಹದ ಮಾತಿಗೆ ಬರೋಣ. ನೌಕರನು ಎಸಗುವ ನಂಬಿಕೆ ದ್ರೋಹಕ್ಕೆ ನ್ಯಾಯ ಸಂಹಿತೆಯ ಕಲಂ 316(4)ರಡಿ 7 ವರ್ಷಗಳವರೆಗೆ ಶಿಕ್ಷೆಯಿದ್ದು, ಅದು ಜಾಮೀನುರಹಿತ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಪರಾಧಕ್ಕಾದರೋ ಠಾಣೆಯಲ್ಲೇ ಜಾಮೀನು ಸಿಗುತ್ತದೆ. ಮಾಲೀಕರ ಪರ ವಕೀಲರು ಎರಡನ್ನೂ ಒಟ್ಟಿಗೆ ಬರೆಯುವುದರ ಹಿಂದಿನ ಲೆಕ್ಕಾಚಾರ ಇದೇ ಎಂದು ನನ್ನ ಅನಿಸಿಕೆ. ಕೆಲಸ ಬಿಟ್ಟವರು ಕಂಪನಿಯ ತಂತ್ರಾಂಶ ಮತ್ತು ದತ್ತಾಂಶ ಒಯ್ದರೆಂಬ ಇಂಥದ್ದೇ ಪ್ರಕರಣವೊಂದರಲ್ಲಿ 2018ರಲ್ಲಿ ಬಾಂಬೆ ಹೈಕೋರ್ಟ್, ಈ ಕೃತ್ಯಕ್ಕೆಂದೇ ವಿಶೇಷ ಕಾಯ್ದೆ ಇರುವಾಗ ಅದೇ ಸಂಗತಿಯ ಮೇಲೆ ದಂಡ ಸಂಹಿತೆಯ ಕಲಂಗಳನ್ನೂ ಹೇರುವುದು ಸಲ್ಲದು ಎಂದು ಅವನ್ನು ರದ್ದುಪಡಿಸಿತ್ತು. ಎಲ್ಲ ನ್ಯಾಯಾಲಯಗಳೂ ಈ ದಾರಿಯಲ್ಲೇ ನಡೆದಿಲ್ಲವಾದ್ದರಿಂದ, ಎಫ್‌ಐಆರ್ ದಾಖಲಾದರೆ ನಿರೀಕ್ಷಣಾ ಜಾಮೀನಿಗೆ ಸಿದ್ಧರಿರುವುದೇ ಜಾಣತನ.

ಈಗ ಮಾಡಬೇಕಾದದ್ದಿಷ್ಟು. ವಕೀಲರ ಮೂಲಕ ಗಡುವಿನೊಳಗೆ ಉತ್ತರ ಕೊಡಿ. ಫೈಲನ್ನು ಬಳಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು, ಕಂಪನಿಯ ಪ್ರತಿನಿಧಿಯ ಎದುರಿನಲ್ಲೇ ಅದನ್ನು ಹಿಂದಿರುಗಿಸಲು ಒಪ್ಪಿ. ಕಲಂ 66ರ ಅಪರಾಧ ಕಲಂ 77ಎ ಪ್ರಕಾರ ನ್ಯಾಯಾಲಯದ ಮುಂದೆ ರಾಜಿಯಾಗಬಲ್ಲದ್ದು, ಹಳೆಯ ಮಾಲೀಕರಿಗೂ ಬಹುಪಾಲು ಬೇಕಾಗಿರುವುದು ಗ್ರಾಹಕರು, ನಿಮ್ಮ ಸೆರೆವಾಸವಲ್ಲ.

ಪ್ರಶ್ನೆ: ಮೊಬೈಲ್ ರಿಪೇರಿಗೆ ಕೊಟ್ಟಿದ್ದೆ. ಅಂಗಡಿಯ ಹುಡುಗ ಪರೀಕ್ಷಿಸಬೇಕೆಂದು ಲಾಕ್ ಸಂಖ್ಯೆ ಕೇಳಿದ, ಕೊಟ್ಟೆ. ಈಗ ಗೊತ್ತಿಲ್ಲದ ನಂಬರಿನಿಂದ ನನ್ನ ಖಾಸಗಿ ಫೋಟೊಗಳು ಬರುತ್ತಿವೆ, ದುಡ್ಡು ಕೊಡದಿದ್ದರೆ ಸಂಬಂಧಿಕರಿಗೆ ಕಳಿಸುತ್ತೇವೆ ಎನ್ನುತ್ತಿದ್ದಾರೆ. ಮನೆಯವರಿಗೆ ಹೇಳಲು ಧೈರ್ಯವಿಲ್ಲ. ಲಾಕ್ ಸಂಖ್ಯೆ ನಾನೇ ಕೊಟ್ಟಿದ್ದರಿಂದ ತಪ್ಪು ನನ್ನದಾಗುತ್ತದೆಯೇ?
– ನೊಂದ ಓದುಗಿ, ವಿಜಯನಗರ

ಉತ್ತರ: ಖಂಡಿತ ಇಲ್ಲ. ರಿಪೇರಿಗೆಂದು ಕೊಟ್ಟ ಒಪ್ಪಿಗೆ ರಿಪೇರಿಗಷ್ಟೇ ಸೀಮಿತ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ದೃಷ್ಟಿಯಲ್ಲಿ ಮೊಬೈಲ್ ಕೂಡ ಕಂಪ್ಯೂಟರ್ ಸಾಧನವೇ, ಅದರಿಂದ ಫೋಟೊ ನಕಲು ಮಾಡಿದ್ದು ಕಲಂ 66ಕ್ಕೆ ಬರುತ್ತದೆ. ಕರಾರಿನ ಮೇಲೆ ಸೇವೆ ಕೊಡುವಾಗ ಕೈಗೆ ಸಿಕ್ಕ ಇನ್ನೊಬ್ಬರ ವೈಯಕ್ತಿಕ ಮಾಹಿತಿಯನ್ನು, ನಷ್ಟ ಮಾಡುವ ಇಲ್ಲವೇ ಲಾಭ ಹೊಡೆಯುವ ಉದ್ದೇಶದಿಂದ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ದಾಟಿಸುವುದಕ್ಕೆ ಕಲಂ 72ಎ ಇದೆ, 3 ವರ್ಷಗಳವರೆಗೆ ಸೆರೆವಾಸ. ದೇಹದ ಖಾಸಗಿ ಭಾಗಗಳ ಚಿತ್ರವಾಗಿದ್ದರೆ ಕಲಂ 66ಇ ಕೂಡ ಸೇರುತ್ತದೆ. ದುಡ್ಡಿಗಾಗಿ ಬೆದರಿಸುವುದು ನ್ಯಾಯ ಸಂಹಿತೆಯ ಕಲಂ 308 ಮತ್ತು 351ರ ಸುಲಿಗೆ ಹಾಗೂ ಬೆದರಿಕೆಯ ಅಪರಾಧ. ಅಂಗಡಿಯ ಹುಡುಗನೇ ಕಳಿಸುತ್ತಿದ್ದಾನೋ ಅವನಿಂದ ಪಡೆದ ಬೇರೊಬ್ಬನೋ ಎಂಬುದನ್ನು ಪತ್ತೆ ಮಾಡುವುದು ಪೊಲೀಸರ ಕೆಲಸ, ನೀವು ಅಂಗಡಿಗೆ ಹೋಗಿ ವಿಚಾರಿಸಬೇಡಿ.

ಹಣ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಇಂಥವರು ಬಿಡುವುದಿಲ್ಲ. ಬಂದ ಸಂದೇಶಗಳನ್ನು ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ರಿಪೇರಿ ರಸೀದಿ ಇದ್ದರೆ ಜೋಪಾನ ಮಾಡಿ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ಊರಿನಲ್ಲೇ. ಈಗ ನಗರದ ವಿಭಾಗವಿಭಾಗಕ್ಕೂ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿವೆ. ಅಲ್ಲಿಗೇ ಹೋಗಬೇಕೆಂದೂ ಇಲ್ಲ. ಮನೆಯ ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟರೂ, ವ್ಯಾಪ್ತಿ ತಮ್ಮದಲ್ಲ ಎಂಬ ಕಾರಣಕ್ಕೆ ಅವರು ತಿರಸ್ಕರಿಸುವಂತಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದ್ದು, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಫೋಟೊ ಯಾವುದಾದರೂ ಜಾಲತಾಣದಲ್ಲಿ ಕಾಣಿಸಿಕೊಂಡರೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಇಂಥ ಚಿತ್ರಗಳನ್ನು ದಿನಗಟ್ಟಲೆ ಇಟ್ಟುಕೊಳ್ಳಲು ಅವರಿಗೆ ನಿಯಮಗಳಲ್ಲಿ ಅವಕಾಶವಿಲ್ಲ.

ವಕೀಲರಿಗೆ ಹಣ ಹೊಂದಿಸುವ ಚಿಂತೆ ಬೇಡ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಿದೆ, 15100ಕ್ಕೆ ಕರೆಯನ್ನೂ ಮಾಡಬಹುದು. ಮನೆಯವರಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಅತ್ತಿಗೆಗೋ, ವಿಷಯ ತಿಳಿಸಿ. ಬೆದರಿಸುವವರ ಬಂಡವಾಳವೆಲ್ಲ ನಿಮ್ಮ ಮೌನದ ಮೇಲೆ ನಿಂತಿದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ, ನಿರ್ವಹಣಾ ಶುಲ್ಕ ಬಾಕಿ ಇರುವವರ ಹೆಸರು, ಮನೆ ಸಂಖ್ಯೆ, ಫೋನ್ ನಂಬರ್ ಸಮೇತ ಪಟ್ಟಿ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾರೆ. ಖಾಸಗಿತನ ಮೂಲಭೂತ ಹಕ್ಕಲ್ಲವೇ? ಕ್ರಿಮಿನಲ್ ಕೇಸು ಹಾಕಬೇಕೆಂದಿದ್ದೇನೆ.
– ನಿವೃತ್ತ ಅಧಿಕಾರಿ, ಬನಶಂಕರಿ

ಉತ್ತರ: ಮೂಲಭೂತ ಹಕ್ಕು ಹೌದು. ಅದನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ. ಆದರೆ ಆ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಚಲಾಯಿಸಬೇಕು. ಕಾರ್ಯದರ್ಶಿಯ ಮೇಲೆ ಕ್ರಿಮಿನಲ್ ಪ್ರಕರಣ ನಡೆಯಬೇಕಾದರೆ ಆ ಕೃತ್ಯವನ್ನು ಅಪರಾಧವೆನ್ನುವ ಕಲಂ ಒಂದು ಬೇಕು. ಸದಸ್ಯರೆಲ್ಲರಿಗೂ ಸೇರಿದ ಲೆಕ್ಕವನ್ನು ಸದಸ್ಯರ ಗುಂಪಿನಲ್ಲೇ ಹಂಚಿದ್ದರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 72ಎ ಕೇಳುವ ದುರುದ್ದೇಶ ಕಾಣಿಸುವುದಿಲ್ಲ. ಬಾಕಿ ನಿಜವಾಗಿದ್ದರೆ ಮಾನನಷ್ಟದ ದೂರೂ ನಿಲ್ಲುವುದು ಕಷ್ಟ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೆರೆವಾಸದ ಶಿಕ್ಷೆಯೇ ಇಲ್ಲ. ಫೋನ್ ನಂಬರ್ ಹಾಕುವ ಅಗತ್ಯವಿರಲಿಲ್ಲ, ತೆಗೆಸಿ ಎಂದು ಸಂಘಕ್ಕೆ ಪತ್ರ ಬರೆಯಿರಿ. ಬಾಕಿ ಇದ್ದರೆ ಆ ಪತ್ರದ ಜೊತೆಗೇ ಚೆಕ್ಕನ್ನೂ ಇಡಬಹುದು.

ಪ್ರಶ್ನೆ: ನಾನು ಖಾಸಗಿ ಶಾಲೆಯೊಂದರ ಶಿಕ್ಷಕಿ. ಶಾಲೆಯ ಸಹಾಯಕ ಸಿಬ್ಬಂದಿಯೊಬ್ಬ ತನ್ನೊಂದಿಗೆ ಅಸಭ್ಯವಾಗಿ ನಡೆದುಕೊಂಡನೆಂದು ಐದನೇ ತರಗತಿಯ ಮಗುವೊಂದು ನನ್ನ ಬಳಿ ಹೇಳಿಕೊಂಡಿತು. ಮುಖ್ಯಸ್ಥರಿಗೆ ತಿಳಿಸಿದೆ. ಅವರು ಆತನನ್ನು ಕೆಲಸದಿಂದ ತೆಗೆದು, ಆಡಳಿತ ಮಂಡಳಿಯ ವಿಚಾರಣೆ ಮುಗಿಯುವವರೆಗೆ ಯಾರಿಗೂ ಹೇಳಬೇಡಿ, ಮಗುವಿನ ತಂದೆತಾಯಿಗೂ ದೂರು ಬೇಡವಂತೆ ಎನ್ನುತ್ತಿದ್ದಾರೆ. ನಾನು ಹೇಳಿದ್ದು ಸುಳ್ಳಾದರೆ ನನ್ನ ಗತಿ ಏನು? ಹೇಳದಿದ್ದರೆ?
– ಶಿಕ್ಷಕಿ, ಮಲ್ಲೇಶ್ವರ

ಉತ್ತರ: ಅಮ್ಮಾ, ಈ ಅಂಕಣ ಅಚ್ಚಾಗುವವರೆಗೆ ನೀವು ಕಾಯಬಾರದೆಂದು ನಿಮ್ಮ ಪತ್ರದಲ್ಲಿದ್ದ ವಿಳಾಸಕ್ಕೆ ಮೊದಲೇ ಉತ್ತರ ಕಳಿಸಿದ್ದೇವೆ. ಇದೇ ಇಕ್ಕಟ್ಟಿನಲ್ಲಿರುವ ಬೇರೆ ಶಿಕ್ಷಕರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಪರಾಧವೊಂದು ನಡೆದದ್ದು ಗೊತ್ತಾದ ಮಾತ್ರಕ್ಕೆ ಪೊಲೀಸರಿಗೆ ಹೇಳಲೇಬೇಕಾದ ಹೊಣೆ ನಮ್ಮ ಕಾನೂನಿನಲ್ಲಿ ಎಲ್ಲರ ಮೇಲೂ, ಎಲ್ಲ ಅಪರಾಧಗಳಿಗೂ ಇಲ್ಲ. ತನಿಖೆ, ವಿಚಾರಣೆಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 33ರಲ್ಲಿ ಹೆಸರಿಸಿದ ಕೆಲವು ಅಪರಾಧಗಳಿಗಷ್ಟೇ ಅದು ಸೀಮಿತ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಮಾತ್ರ ಶಾಸಕಾಂಗ ಬೇರೆಯದೇ ದಾರಿ ಹಿಡಿಯಿತು. 2012ರ ಪೋಕ್ಸೊ ಕಾಯ್ದೆಯ ಕಲಂ 19, ಇಂಥ ಅಪರಾಧ ನಡೆದಿದೆಯೆಂದು ತಿಳಿದ, ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಬೇಕು ಎನ್ನುತ್ತದೆ. ತಿಳಿಸದಿದ್ದರೆ ಕಲಂ 21ರಡಿ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಅದು 1 ವರ್ಷದವರೆಗೆ ಹೋಗುತ್ತದೆ, ಜೊತೆಗೆ ದಂಡವೂ ಇದೆ. ಆಡಳಿತ ಮಂಡಳಿಯ ವಿಚಾರಣೆ ಮುಗಿಯಲಿ ಎನ್ನುವುದಕ್ಕಾಗಲಿ, ತಂದೆತಾಯಿಗೆ ಇಷ್ಟವಿಲ್ಲ ಎನ್ನುವುದಕ್ಕಾಗಲಿ ಈ ಕಲಂನಲ್ಲಿ ಜಾಗವಿಲ್ಲ. ಮುಖ್ಯಸ್ಥರಿಗೆ ತಿಳಿಸಿದ ಮಾತ್ರಕ್ಕೆ ನಿಮ್ಮ ಹೊಣೆ ತೀರಿತೆಂದೂ ಅದು ಹೇಳುವುದಿಲ್ಲ.

ನ್ಯಾಯಾಲಯಗಳು ಇದನ್ನು ಕಾಗದದ ಮೇಲಿನ ಹೊಣೆಯಾಗಿ ನೋಡುತ್ತಿಲ್ಲ ಎಂಬುದನ್ನೂ ಗಮನಿಸಿ. ವಸತಿ ಶಾಲೆಯ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಿಳಿದಿದ್ದೂ ಪೊಲೀಸರಿಗೆ ಹೇಳಲಿಲ್ಲವೆಂದು ಮಹಾರಾಷ್ಟ್ರದ ವೈದ್ಯರೊಬ್ಬರ ಮೇಲೆ ಹೂಡಿದ್ದ ಪ್ರಕರಣವನ್ನು ಅಲ್ಲಿನ ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ 2022ರ ನವೆಂಬರ್ 2ರಂದು ಆ ಆದೇಶವನ್ನು ತೆಗೆದುಹಾಕಿ, ತಿಳಿದೂ ಮಾಹಿತಿ ಕೊಡದಿರುವುದು ಗಂಭೀರ ಅಪರಾಧವೆಂದೂ, ಇಂಥ ಮೌನ ಅನೇಕ ಬಾರಿ ಅಪರಾಧಿಗಳನ್ನು ಕಾಪಾಡುವ ಪ್ರಯತ್ನವಾಗಿರುತ್ತದೆಂದೂ ಹೇಳಿತು.

ಹೇಳಿದ್ದು ಸಾಬೀತಾಗದಿದ್ದರೆ ಎಂಬ ನಿಮ್ಮ ಭಯಕ್ಕೂ ಕಾಯ್ದೆಯಲ್ಲೇ ಉತ್ತರವಿದೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಕಲಂ 19(7) ಸ್ಪಷ್ಟವಾಗಿ ಹೇಳಿದೆ. ಸುಳ್ಳೆಂದು ಗೊತ್ತಿದ್ದೂ ಅವಮಾನಿಸಲು, ಬೆದರಿಸಲು ದೂರು ಕೊಟ್ಟವರಿಗಷ್ಟೇ ಶಿಕ್ಷೆ. ಮಗು ಹೇಳಿದ್ದು ನಿಜವೇ ಎಂದು ತೂಗಿ ನೋಡುವ ಕೆಲಸ ನಿಮ್ಮದಲ್ಲ, ಮಗುವನ್ನು ಮತ್ತೆ ಮತ್ತೆ ಕೇಳಲೂ ಬೇಡಿ. ಮಗು ಆಡಿದ ಮಾತುಗಳನ್ನು ಅದೇ ಪದಗಳಲ್ಲಿ, ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ನಿಮ್ಮ ಮಾಹಿತಿಯನ್ನು ನಮೂದು ಸಂಖ್ಯೆ ಹಾಕಿ ಬರೆದುಕೊಳ್ಳಬೇಕು, ಆ ಸಂಖ್ಯೆಯನ್ನು ಕೇಳಿ ಪಡೆಯಿರಿ. ಆನಂತರ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸುವುದು ಪೊಲೀಸರ ಹೊಣೆ. ಮಗುವಿನ ಹೇಳಿಕೆಯನ್ನು ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಮಗುವಿನ ಮನೆಯಲ್ಲೋ ಅದಕ್ಕೆ ಹಿತವಾದ ಜಾಗದಲ್ಲೋ ಪಡೆಯಬೇಕೆಂಬ ನಿಯಮವನ್ನು ತಂದೆತಾಯಿಗೆ ತಿಳಿಸಿ ಹೇಳಿದರೆ ಅವರ ಹಿಂಜರಿಕೆಯೂ ಕಡಿಮೆಯಾದೀತು. ನೇರವಾಗಿ ಠಾಣೆಗೆ ಹೋಗಲು ಅಳುಕಾದರೆ ಮಕ್ಕಳ ಸಹಾಯವಾಣಿ 1098ರವರ ನೆರವು ಪಡೆಯಿರಿ.

ಇನ್ನೊಂದು ಎಚ್ಚರಿಕೆ. ಶಾಲೆಯ ಮೇಲಿನ ಸಿಟ್ಟಿನಲ್ಲಿ ವಿಷಯವನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೋ ಫೇಸ್‌ಬುಕ್ಕಿಗೋ ಹಾಕಬೇಡಿ, ಸಹೋದ್ಯೋಗಿಗಳೂ ಹಾಕದಂತೆ ನೋಡಿಕೊಳ್ಳಿ. ಮಗುವಿನ ಹೆಸರು, ಫೋಟೊ, ಮನೆ, ಬಡಾವಣೆ ಅಷ್ಟೇ ಅಲ್ಲ, ಓದುವ ಶಾಲೆಯ ಹೆಸರನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನೂ ಕಲಂ 23 ನಿಷೇಧಿಸಿದೆ, ಅದಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 1 ವರ್ಷದವರೆಗಿನ ಸೆರೆವಾಸ ಅಥವಾ ದಂಡವಿದೆ. ಪೊಲೀಸರಿಗೆ ಹೇಳದಿರುವುದೂ ಅಪರಾಧ, ಊರಿಗೆಲ್ಲ ಹೇಳುವುದೂ ಅಪರಾಧ. ಪ್ರಾಯಶಃ ಬೇರಾವ ಕಾಯ್ದೆಯಲ್ಲೂ ಈ ಎರಡು ಹೊಣೆಗಳು ಒಬ್ಬರ ಮೇಲೆಯೇ ಇಷ್ಟು ಒತ್ತಾಗಿ ಬಂದು ಕೂತಿಲ್ಲ.

ಪ್ರಶ್ನೆ: ಮೂವರು ಗೆಳೆಯರು ಸೇರಿ ಮನೆಬಾಗಿಲಿಗೆ ದಿನಸಿ ತಲುಪಿಸುವ ಆ್ಯಪ್ ನಡೆಸುತ್ತಿದ್ದೇವೆ. ಕಳೆದ ತಿಂಗಳು ಯಾರೋ ಸರ್ವರ್‌ಗೆ ನುಗ್ಗಿ ಗ್ರಾಹಕರ ವಿಳಾಸ, ನಂಬರ್ ಕದ್ದಿದ್ದಾರೆ. ಹೆಸರು ಕೆಡುತ್ತದೆಂದು ಯಾರಿಗೂ ಹೇಳಿಲ್ಲ. ಕಳುವಾದದ್ದು ನಮ್ಮಿಂದ, ನಾವೇ ಅಪರಾಧಿಗಳಾಗುತ್ತೇವೆಯೇ?
– ಯುವ ಉದ್ಯಮಿ, ಕೋರಮಂಗಲ

ಉತ್ತರ: ಕಳುವಾದದ್ದಕ್ಕೆ ನೀವು ಅಪರಾಧಿಗಳಲ್ಲ, ಮುಚ್ಚಿಟ್ಟದ್ದಕ್ಕೆ ಆಗಬಹುದು. ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ಕೇಳಿದ ಮಾಹಿತಿ ಕೊಡದೆ, ನಿರ್ದೇಶನ ಪಾಲಿಸದೆ ಇದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 70ಬಿ ಅಡಿ 1 ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಮೂವರೂ ಸಮಾನವಾಗಿ ಸಿಕ್ಕಿಬೀಳುತ್ತೀರಾ ಎಂದರೆ, ಕಲಂ 85ರ ಪ್ರಕಾರ ಆ ಸಮಯದಲ್ಲಿ ವ್ಯವಹಾರದ ಉಸ್ತುವಾರಿ ಹೊತ್ತಿದ್ದವರು ಹೊಣೆಗಾರರು. ತನಗೆ ತಿಳಿಯದೆ ನಡೆಯಿತು, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸಿದವರು ಪಾರಾಗಬಹುದು. ತಿಂಗಳಿಂದ ಮೂವರೂ ತಿಳಿದೇ ಸುಮ್ಮನಿದ್ದೀರಿ, ಹಾಗಾಗಿ ಆ ಬಾಗಿಲು ನಿಮಗೆ ತೆರೆಯುವುದು ಕಷ್ಟ.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಸಂಸ್ಥೆಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅವು ಜಾರಿಗೆ ಬಂದ ಮೇಲೆ ಸೋರಿಕೆಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ, ಮಾಹಿತಿ ಕಳೆದುಕೊಂಡ ಪ್ರತಿಯೊಬ್ಬ ಗ್ರಾಹಕರಿಗೂ ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ, ಸುರಕ್ಷತಾ ಕ್ರಮ ಕೈಗೊಳ್ಳದೆ ಸೋರಿಕೆಗೆ ಎಡೆಮಾಡಿಕೊಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಜೈಲಿಲ್ಲ ನಿಜ, ಆದರೆ ನಿಮ್ಮಂಥ ಸಣ್ಣ ಉದ್ಯಮಕ್ಕೆ ಅದರ ಸಣ್ಣ ಪಾಲೂ ಸಾಕು ಬಾಗಿಲು ಹಾಕಿಸಲು. ಇಂದೇ ವರದಿ ಮಾಡಿ, ಪೊಲೀಸ್ ದೂರು ಕೊಡಿ. ತಡವಾದದ್ದಕ್ಕೆ ನಿಜವಾದ ಕಾರಣವನ್ನೇ ಬರೆಯಿರಿ. ಗ್ರಾಹಕರಿಗೆ ತಿಳಿಸುವ ಕಡ್ಡಾಯ ಇನ್ನೂ ಬಂದಿಲ್ಲವೆಂದು ಕಾಯುವುದು ಸಭ್ಯತೆಯೂ ಅಲ್ಲ. ಅವರ ವಿಳಾಸ ಹಿಡಿದು ಮೋಸದ ಕರೆಗಳು ಈಗಾಗಲೇ ಹೋಗುತ್ತಿರಬಹುದು.

ಪ್ರಶ್ನೆ: ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಾರೆ, ಆದರೆ ವರ್ಷದಿಂದ ಪಾಸ್‌ಬುಕ್ಕಿನಲ್ಲಿ ಜಮೆ ಕಾಣುತ್ತಿಲ್ಲ. ಕೇಳಿದರೆ ಆರ್ಡರ್ ಕಡಿಮೆ, ಆಮೇಲೆ ಕಟ್ಟುತ್ತೇವೆ ಎನ್ನುತ್ತಾರೆ.
– ಕಾರ್ಮಿಕರು, ದಾಸರಹಳ್ಳಿ

ಉತ್ತರ: ಮಾಲೀಕರ ಪಾಲು ಕಟ್ಟದಿರುವುದಕ್ಕಿಂತ ನಿಮ್ಮ ಸಂಬಳದಿಂದ ಮುರಿದುಕೊಂಡದ್ದನ್ನು ಕಟ್ಟದಿರುವುದು ಘೋರ. ಮುರಿದ ಕ್ಷಣದಿಂದ ಆ ಹಣ ನಿಮ್ಮದು, ಮಾಲೀಕರ ಬಳಿ ನಂಬಿಕೆಯ ಮೇಲಿದೆ. ಕಟ್ಟದಿದ್ದರೆ ಅದನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡಂತೆ ಎಂದು ನ್ಯಾಯ ಸಂಹಿತೆಯ ಕಲಂ 316ರ ವಿವರಣೆಯೇ ಹೇಳಿಬಿಟ್ಟಿದೆ. ಇ.ಎಸ್.ಐ. ಕಡಿತಕ್ಕೂ ಇದೇ ಮಾತು. ಹಾಗಾಗಿ ಇಲ್ಲಿ ದುರುದ್ದೇಶವನ್ನು ನೀವು ಬೇರೆಯಾಗಿ ತೋರಿಸಬೇಕಾಗಿಲ್ಲ, ಆರ್ಡರ್ ಕಡಿಮೆಯಾದದ್ದು ಉತ್ತರವೂ ಅಲ್ಲ. ಶಿಕ್ಷೆ 5 ವರ್ಷಗಳವರೆಗೆ ಹೋಗಬಹುದು. ಕಡಿತ ಕಾಣುವ ಸಂಬಳ ಚೀಟಿಗಳು, ಜಮೆಯಿಲ್ಲದ ಪಾಸ್‌ಬುಕ್ ಎರಡನ್ನೂ ಜೊತೆಗಿಟ್ಟು ಭವಿಷ್ಯ ನಿಧಿಯ ಪ್ರಾದೇಶಿಕ ಕಚೇರಿಗೆ ಎಲ್ಲರೂ ಸಹಿ ಹಾಕಿ ದೂರು ಕೊಡಿ. ಅಧಿಕಾರಿಗಳಿಗೆ ಮಾಲೀಕರ ಬ್ಯಾಂಕ್ ಖಾತೆಯಿಂದಲೇ ವಸೂಲು ಮಾಡುವ ಅಧಿಕಾರವಿದೆ, ಪೊಲೀಸ್ ದೂರು ಕೊಡುವ ಅಧಿಕಾರವೂ ಇದೆ. ಒಬ್ಬೊಬ್ಬರೇ ಹೋಗಿ ಕೆಲಸ ಕಳೆದುಕೊಳ್ಳಬೇಡಿ.

ಪ್ರಶ್ನೆ: ನನ್ನ ಭಾವ ಷೇರು ಪೇಟೆಯಲ್ಲಿದ್ದಾರೆ. ನಮ್ಮ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಳ್ಳುವ ಮಾತುಕತೆ ನಡೆದಿತ್ತು. ಹಬ್ಬಕ್ಕೆ ಮನೆಗೆ ಬಂದಾಗ ಮಾತಿನ ಭರದಲ್ಲಿ ಹೇಳಿಬಿಟ್ಟೆ. ಅವರು ನಮ್ಮ ಷೇರು ಕೊಂಡು ಲಾಭ ಮಾಡಿದ್ದಾರೆ. ನಾನೊಂದು ರೂಪಾಯಿಯನ್ನೂ ಮುಟ್ಟಿಲ್ಲ.
– ಸಾಫ್ಟ್‌ವೇರ್ ಉದ್ಯೋಗಿ, ಮಾರತ್ತಹಳ್ಳಿ

ಉತ್ತರ: ಮುಟ್ಟಬೇಕಾಗಿಲ್ಲ. ಬೆಲೆಯ ಮೇಲೆ ಪರಿಣಾಮ ಬೀರುವ, ಇನ್ನೂ ಬಹಿರಂಗವಾಗದ ಮಾಹಿತಿಯನ್ನು ಕೆಲಸದ ಅಗತ್ಯವಿಲ್ಲದೆ ಬೇರೆಯವರಿಗೆ ತಿಳಿಸುವುದನ್ನೇ ಷೇರು ಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2015ರ ನಿಯಮಾವಳಿ ನಿಷೇಧಿಸಿದೆ. ಕೇಳಿದವರು ವ್ಯವಹಾರ ಮಾಡಿದ್ದು ಇನ್ನೊಂದು ಉಲ್ಲಂಘನೆ. ಸೆಬಿ ಕಾಯ್ದೆಯ ಕಲಂ 15ಜಿ ಅಡಿ ದಂಡ 10 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲ, 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ. ಕಲಂ 24ರಡಿ 10 ವರ್ಷಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ, ಆದರೆ ಸೆಬಿಯೇ ದೂರು ಕೊಟ್ಟರಷ್ಟೇ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳುತ್ತದೆ. ಕಂಪನಿಗಳು ಇಂಥ ಮಾಹಿತಿ ಯಾರಿಗೆ ಗೊತ್ತಿತ್ತೆಂಬ ಪಟ್ಟಿಯನ್ನು ದಿನಾಂಕ, ಸಮಯ ಸಮೇತ ಇಟ್ಟಿರುತ್ತವೆ, ಆ ಪಟ್ಟಿಯಲ್ಲಿರುವವರ ನೆಂಟರ ಖಾತೆಗಳನ್ನು ಹೊಂದಿಸಿ ನೋಡುವುದು ಈಗ ಕಷ್ಟದ ಕೆಲಸವಲ್ಲ. ಭಾವನಿಗೂ ನಿಮಗೂ ಒಬ್ಬರೇ ವಕೀಲರು ಬೇಡ. ನಾಳೆ ನಿಮ್ಮಿಬ್ಬರ ಹೇಳಿಕೆ ಬೇರೆ ಬೇರೆಯಾಗಬಹುದು. ಸೆಬಿಯ ಮುಂದೆ ಇತ್ಯರ್ಥಕ್ಕೆ ಅರ್ಜಿ ಹಾಕುವ ದಾರಿಯೊಂದಿದೆ, ಅದನ್ನು ಬಲ್ಲ ವಕೀಲರನ್ನೇ ಕಾಣಿ.

ಪ್ರಶ್ನೆ: ಬಿಟಿಎಂ ಬಡಾವಣೆಯಲ್ಲಿ ಪಿ.ಜಿ. ನಡೆಸುತ್ತೇನೆ. ವಾಸಿಸುವವರ ವಿವರ ಪೊಲೀಸರಿಗೆ ಕೊಟ್ಟಿಲ್ಲ. ಬಂಧಿಸುತ್ತಾರೆಯೇ?
– ಪಿ.ಜಿ. ಮಾಲೀಕ

ಉತ್ತರ: ಅಧಿಕಾರವುಳ್ಳ ಅಧಿಕಾರಿಯ ಆದೇಶ ಜಾರಿಯಲ್ಲಿದ್ದು, ತಿಳಿದೂ ನೀವು ಮುರಿದಿದ್ದರೆ ನ್ಯಾಯ ಸಂಹಿತೆಯ ಕಲಂ 223 ಅನ್ವಯವಾಗಬಹುದು, ಸಾಮಾನ್ಯವಾಗಿ 6 ತಿಂಗಳವರೆಗೆ, ಜೀವಾಪಾಯಕ್ಕೆ ಎಡೆಯಾದರೆ 1 ವರ್ಷದವರೆಗೆ. ಆದರೆ ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ಇದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ವಿದೇಶಿಯರು ಉಳಿದುಕೊಂಡಿದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡಿ, ಅವರ ವಿವರ ಕೊಡುವ ಹೊಣೆ ಪ್ರತ್ಯೇಕ ಕಾಯ್ದೆಯಿಂದಲೇ ಬಂದದ್ದು. ಇನ್ನು, ವಾಸಿಗಳಿಂದ ಪಡೆದ ಆಧಾರ್ ನಕಲುಗಳನ್ನು ಮೇಜಿನ ಮೇಲೆ ಹರಡಿಕೊಂಡಿರಬೇಡಿ. ಅವುಗಳಲ್ಲೊಂದನ್ನು ತೋರಿಸಿ ಯಾರಾದರೂ ಸಿಮ್ ಪಡೆದರೆ, 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷಗಳವರೆಗೆ ಸೆರೆವಾಸದ ಅಪರಾಧವದು, ತನಿಖೆ ನಿಮ್ಮ ಬಾಗಿಲಿಗೇ ಬರುತ್ತದೆ.

ಪ್ರಶ್ನೆ: ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಮೂರು ತಿಂಗಳಾಯಿತು. ಉತ್ತರ ಕೊಡದ ಅಧಿಕಾರಿಯನ್ನು ಜೈಲಿಗೆ ಕಳುಹಿಸಬಹುದೇ?
– ಹಿರಿಯ ನಾಗರಿಕ, ಬಸವನಗುಡಿ

ಉತ್ತರ: ಇಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 20ರಲ್ಲಿರುವುದು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗಿನ ದಂಡ ಮತ್ತು ಇಲಾಖಾ ಶಿಸ್ತುಕ್ರಮದ ಶಿಫಾರಸು. ಮೊದಲ ಮೇಲ್ಮನವಿಗೆ 30 ದಿನದ ಗಡುವು ದಾಟಿದ್ದರೂ ಸಕಾರಣ ಕೊಟ್ಟು ಸಲ್ಲಿಸಬಹುದು, ಅಥವಾ ಕರ್ನಾಟಕ ಮಾಹಿತಿ ಆಯೋಗಕ್ಕೆ ಕಲಂ 18ರಡಿ ನೇರವಾಗಿ ದೂರಬಹುದು. ಮಾಹಿತಿ ಬೇಕಿದ್ದರೆ ಮೇಲ್ಮನವಿ, ದಂಡ ಬೀಳಬೇಕಿದ್ದರೆ ದೂರು.

ಪ್ರಶ್ನೆ: ಕಾಲೇಜು ಗೆಳೆಯ ಕೇಳಿದನೆಂದು ನನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಟ್ಟೆ, ಐದು ಸಾವಿರ ಕಮಿಷನ್ ಕೊಟ್ಟ. ಈಗ ಖಾತೆ ತಡೆಹಿಡಿಯಲಾಗಿದೆ, ಬೇರೆ ರಾಜ್ಯದ ಪೊಲೀಸರಿಂದ ವಿಚಾರಣೆಗೆ ಬರಲು ನೋಟಿಸ್ ಬಂದಿದೆ.
– ವಿದ್ಯಾರ್ಥಿ, ಕೆಂಗೇರಿ

ಉತ್ತರ: ನಿಮ್ಮ ಖಾತೆಯ ಮೂಲಕ ಯಾರೋ ಮೋಸ ಹೋದವರ ಹಣ ಹಾದುಹೋಗಿರುವ ಸಂಭವವೇ ಹೆಚ್ಚು. ವಂಚನೆಯಲ್ಲಿ ಪಾಲುದಾರನೆಂದು ನಿಮ್ಮನ್ನು ಸೇರಿಸಬೇಕಾದರೆ ಹಣದ ಮೂಲ ನಿಮಗೆ ತಿಳಿದಿತ್ತೆಂದು ಪೊಲೀಸರು ತೋರಿಸಬೇಕು. ಕಮಿಷನ್ ಪಡೆದದ್ದು, ಕಾರ್ಡು ಮತ್ತು ಸಿಮ್ ಎರಡನ್ನೂ ಒಟ್ಟಿಗೆ ಒಪ್ಪಿಸಿದ್ದು ನಿಮ್ಮ ವಿರುದ್ಧ ಹೋಗುತ್ತವೆ; ಗೆಳೆಯನ ಜೊತೆಗಿನ ಚಾಟ್‌ಗಳು ನಿಮ್ಮ ಪರ ಇರಬಹುದು, ಅವನ್ನು ಉಳಿಸಿಕೊಳ್ಳಿ. ವಿಚಾರಣೆಗೆ ಹಾಜರಾಗಲು ಕೊಟ್ಟ ನೋಟಿಸನ್ನು ಪಾಲಿಸುತ್ತ ಹೋದವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ, ಪಾಲಿಸದಿದ್ದರೆ ಆ ರಕ್ಷಣೆ ತಪ್ಪುತ್ತದೆ. ಆದ್ದರಿಂದ ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋಗಿ ಕೂರಬೇಡಿ. ನೋಟಿಸಿನಲ್ಲಿರುವ ಠಾಣೆ ನಿಜವಾಗಿಯೂ ಇದೆಯೇ ಎಂದು ಕೆಂಗೇರಿ ಠಾಣೆಯಲ್ಲಿ ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ನೋಟಿಸಿನ ಹೆಸರಲ್ಲೂ ಮೋಸ ನಡೆಯುತ್ತಿದೆ. ನಿಜವಾಗಿದ್ದರೆ ವಕೀಲರ ಮೂಲಕ ಲಿಖಿತ ಉತ್ತರ ಕೊಟ್ಟು, ಹೇಳಿದ ದಿನ ತಂದೆಯವರನ್ನು ಜೊತೆಗೆ ಕರೆದುಕೊಂಡು ಹಾಜರಾಗಿ. ಐದು ಸಾವಿರವನ್ನು ಗೆಳೆಯನಿಗೆ ಹಿಂದಿರುಗಿಸಬೇಡಿ. ತನಿಖಾಧಿಕಾರಿ ಕೇಳಿದರೆ ಅವರ ಮುಂದೆಯೇ ಒಪ್ಪಿಸಿ ರಸೀದಿ ಪಡೆಯಿರಿ.